ಮೂಕಿಯ ಮೇಲೆ ಅರವತ್ತು ಕಿಲೋ

ನಮ್ಮ ಕಮಲಾಪುರದಲ್ಲಿ ಬಾಳೆಗೊನೆ ಕಡಿಯುವುದು ದೊಡ್ಡ ಕೆಲಸವಲ್ಲ. ಕಡಿದ ಗೊನೆಯನ್ನು ಹೊತ್ತಿಗೆ ಸರಿಯಾಗಿ ಅಂಗಡಿ ಮುಟ್ಟಿಸುವುದಿದೆಯಲ್ಲ, ಅದು ಕೆಲಸ. ಆರಕ್ಕೆ ಬರುತ್ತೇನೆ ಎಂದ ಗೂಡ್ಸ್ ಆಟೋದವನು ಹತ್ತೂವರೆಗೆ ಬರುತ್ತಾನೆ. ಬರುವಾಗಲೇ ಇನ್ನಿಬ್ಬರ ಮಾಲು ಹೇರಿಕೊಂಡು ಬಂದಿರುತ್ತಾನೆ. ನಮ್ಮ ಸುಗಂಧಿ ಬಾಳೆಯ ಸಿಪ್ಪೆ ತೆಳು, ಒಂದು ಸಲ ತರಚಿದರೆ ಕಪ್ಪಾಗುತ್ತದೆ. ಅಂಗಡಿಯವರು ಮೂಗು ಮುರಿಯುತ್ತಾರೆ. ಈ ಪೇಚಾಟ ಕಾಣದ ಮನೆ ನಮ್ಮ ಓಣಿಯಲ್ಲಿ ಒಂದೂ ಇಲ್ಲ.

ನಾನು ಜ್ಯೋತಿಲಕ್ಷ್ಮಿ, ಇಲ್ಲಿನ ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿ. ನಮ್ಮ ಎದುರು ಮನೆಯ ಗಂಗಾಂಬಿಕಾ ಈ ಪೇಚಾಟಕ್ಕೆ ಹೇಗೆ ದಾರಿ ಹುಡುಕಿದಳು, ಆ ದಾರಿಯಲ್ಲಿ ಏನಾಯಿತು ಎಂಬುದನ್ನು ಬೇರೆ ಊರಿನ ಸಂಘಗಳಲ್ಲೂ ಓದಲಿ ಎಂದು ಬರೆಯುತ್ತಿದ್ದೇನೆ. ಹೊಗಳಿಕೆ ಜಾಸ್ತಿಯಾಯಿತು ಅನ್ನಿಸಿದರೆ ಅನ್ನಿಸಲಿ. ನಮ್ಮ ಓಣಿಯ ಹೆಣ್ಣುಮಗಳನ್ನು ನಾನಲ್ಲದೆ ಇನ್ಯಾರು ಹೊಗಳಬೇಕು?

ಗಂಗಾಂಬಿಕಾಳ ಗಂಡ ಹಂಪೇಶ್ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಹಳೆಯದೊಂದು ಗಿಡ್ಡ ಜೀಪಿದೆ. ಎರಡು ವರ್ಷದ ಹಿಂದೆ ಅವಳು ಅದನ್ನು ಓಡಿಸಲು ಕಲಿತು, ಲೈಸೆನ್ಸ್ ಮಾಡಿಸಿಕೊಂಡಳು. ಈ ಸಲ ಸಂಡೂರಿನ ಹಣ್ಣಿನ ಅಂಗಡಿಯ ವಿರುಪಾಕ್ಷಪ್ಪ ನಮ್ಮ ಸಂಘಕ್ಕೆ ಮಾತು ಕೊಟ್ಟರು: "ವಾರಕ್ಕ ಎರಡು ದಿನ, ಮಂಗಳವಾರ, ಶುಕ್ರವಾರ. ಮುಂಜಾನಿ ಒಂಬತ್ತರ ಒಳಗ ಮಾಲು ಬಂದ್ರ ನಿಮ್ದೇ ತಗೊಂತೀನಿ. ಲೇಟಾದ್ರ ನನ್ನ ಕೇಳಬ್ಯಾಡ್ರಿ."

ಜೀಪಿನೊಳಗೆ ಆರು ಗೊನೆ ಹಿಡಿದರೆ ಹೆಚ್ಚು. "ಜೀಪಿಗೆ ಒಂದು ಸಣ್ಣ ಟ್ರೇಲರ್ ಕಟ್ಟಿದ್ರ ನಮ್ಮ ಗಾಡಿ, ನಮ್ಮ ಟೈಮು" ಎಂದಳು ಗಂಗಾಂಬಿಕಾ. ಸಂಘ ಒಪ್ಪಿತು. ಅವಳ ಮಾವ ತೋಟಪ್ಪನವರೂ ಒಪ್ಪಿದರು, ಒಂದು ಷರತ್ತಿನ ಮೇಲೆ. ಮಾಲು ಹೇರುವುದು ಅವರೇ.

ಇಲ್ಲಿ ತೋಟಪ್ಪನವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನಲವತ್ತು ವರ್ಷ ಬಂಡಿ ಹೊಡೆದ ಮನುಷ್ಯ. ಕಬ್ಬಿರಲಿ, ಭತ್ತದ ಚೀಲವಿರಲಿ, ಅವರು ಹೇರಿದ ಬಂಡಿಯ ಭಾರ ಎತ್ತಿನ ಹೆಗಲಿಗೆ ತಾಗುತ್ತಲೇ ಇರಲಿಲ್ಲ. ಬಂಡಿಯ ಮುಂದೆ ನೊಗ ಕಟ್ಟುವ ಉದ್ದ ಕಂಬಕ್ಕೆ ನಾವು ಮೂಕಿ ಎನ್ನುತ್ತೇವೆ. ಹೇರಿ ಮುಗಿಸಿದ ಮೇಲೆ ತೋಟಪ್ಪ ಆ ಮೂಕಿಯನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸುತ್ತಿದ್ದರು. ಅವರ ಎತ್ತುಗಳ ಹೆಗಲು ಹುಣ್ಣಾದದ್ದನ್ನು ಕಮಲಾಪುರದಲ್ಲಿ ಯಾರೂ ನೋಡಿಲ್ಲ. ಅವರಿಗೆ ಇದರ ಹೆಮ್ಮೆ ಇತ್ತು. ನಮಗೂ ಇತ್ತು.

ಟ್ರೇಲರ್ ಮಾಡಿಸಲು ಎಲ್ಲರೂ ಕಂಪ್ಲಿಗೆ ಹೋದೆವು. ಅಲ್ಲಿ ಅಂಜಿನಿ ಎಂಬವನ ವೆಲ್ಡಿಂಗ್ ಶೆಡ್ಡಿದೆ. ಗಂಗಾಂಬಿಕಾ ಜೊತೆಗೆ ಬಂಡ್ರಿಯ ದುರುಗವ್ವನನ್ನೂ ಕರೆದಿದ್ದಳು. ದುರುಗವ್ವ ಗಣಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾಳೆ, ಹೊಸ ಡ್ರೈವರುಗಳಿಗೆ ಸುರಕ್ಷತೆಯ ಪಾಠ ಹೇಳುತ್ತಾಳೆ. ಹದಿನಾಲ್ಕು ವರ್ಷದ ಅನುಭವ. ತಾಲೂಕಿನ ಸಂಘಗಳ ಸಭೆಯಲ್ಲಿ ನಮಗೆ ಪರಿಚಯವಾದವಳು.

ಶೆಡ್ಡಿಗೆ ಕಾಲಿಟ್ಟ ಕೂಡಲೇ ತೋಟಪ್ಪ ಎಂಟಡಿ ಉದ್ದದ, ಎದೆಮಟ್ಟದ ಹಲಗೆಯ ದೊಡ್ಡ ಟ್ರೇಲರಿನ ಮುಂದೆ ನಿಂತುಬಿಟ್ಟರು.

"ಇದ ನೋಡು, ಗಾಡಿ ಅಂದ್ರ! ಐವತ್ತು ಗೊನಿ ಹಿಡಿತೈತಿ."

"ಹಿಡಿತೈತಿ ಅಜ್ಜಾರ," ಎಂದಳು ದುರುಗವ್ವ, "ಆದ್ರ ನಿಮ್ಮ ಜೀಪು ಇದನ್ನ ಹಿಡಿಬೇಕಲ್ರಿ? ಜೀಪಿನ ತೂಕ ಎಷ್ಟು?"

ಗಂಗಾಂಬಿಕಾ ಜೀಪಿನ ಕಾಗದ ತೆಗೆದು ಓದಿದಳು. ಖಾಲಿ ಜೀಪು ಹನ್ನೆರಡು ನೂರು ಕಿಲೋ.

"ಅಂದ್ರ ಟ್ರೇಲರು, ಮಾಲು ಎರಡೂ ಸೇರಿ ಆರುನೂರು ದಾಟಬಾರದು. ಬ್ರೇಕ್ ಇಲ್ಲದ ಟ್ರೇಲರ್ ಜೀಪಿನ ಅರ್ಧ ತೂಕಕ್ಕಿಂತ ಜಾಸ್ತಿ ಆದ್ರ, ಜೀಪು ನಿಂತ್ರೂ ಅದು ನಿಲ್ಲಂಗಿಲ್ಲ, ಹಿಂದಿಂದ ನೂಕತೈತಿ. ಜೀಪಿನ ಕಂಪನಿ ಪುಸ್ತಕದಾಗ ಇನ್ನೂ ಕಡಿಮಿ ಬರದೈತಿ ಅಂದ್ರ ಅದರ ಮಾತೇ ಕೇಳಬೇಕು."

"ನಮ್ಮ ಜೀಪು ಭಾಳ ಗಟ್ಟಿ ಐತಿ," ಎಂದರು ತೋಟಪ್ಪ.

"ಗಟ್ಟಿ ಐತ್ರಿ, ಆದ್ರ ಗಿಡ್ಡ ಐತಿ. ನೀವು ಹೊಳಿಯಾಗ ಹರಿಗೋಲು ನೋಡೀರಿ. ಒಂದು ಹುಟ್ಟು ಹಾಕಿದ್ರ ಗಿರಗಿರ ತಿರುಗತೈತಿ. ಉದ್ದನ್ನ ದೋಣಿ ಹಂಗ ತಿರುಗತೈತೇನು? ನಿಮ್ಮ ಜೀಪಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಅಂತರ ಕಡಿಮಿ. ಹಿಂದ ಕಟ್ಟಿದ್ದು ಸ್ವಲ್ಪ ಅತ್ತಿತ್ತ ಜಗ್ಗಿದ್ರ ಸಾಕು, ಜೀಪಿನ ಮಾರಿನೇ ತಿರುಗತೈತಿ. ಅದಕ್ಕ ಗಿಡ್ಡ ಗಾಡಿಗೆ ಸಣ್ಣ ಟ್ರೇಲರೇ ಬೇಕು."

ಆಮೇಲೆ ದುರುಗವ್ವ ಅಂಜಿನಿಯ ಜೊತೆ ಒಂದು ಗಂಟೆ ಮಾತಾಡಿದಳು. ಹಲಗೆ ಐದಡಿ ಸಾಕು, ಮೊಣಕಾಲಿಗಿಂತ ಎತ್ತರ ಬೇಡ. ಗಾಲಿಗಳ ಅಗಲ ಜೀಪಿನ ಗಾಲಿಗಳಷ್ಟೇ ಇರಲಿ, ಆಗ ಕನ್ನಡಿಯಲ್ಲಿ ಎರಡು ಬದಿಯೂ ಕಾಣುತ್ತದೆ. ಗಾಲಿಯ ಅಚ್ಚು ಹಲಗೆಯ ನಟ್ಟನಡುವೆ ಬೇಡ, ಸ್ವಲ್ಪ ಹಿಂದಕ್ಕಿರಲಿ. ಮೂಕಿ ಮಾತ್ರ ಉದ್ದ ಬೇಕು. ಅಂಜಿನಿ ಕಬ್ಬಿಣ ಉಳಿಸಲು ನೋಡಿದಾಗ ಅವಳು ಬಿಡಲಿಲ್ಲ. "ಮೂಕಿ ಗಿಡ್ಡ ಆದ್ರ ಹಿಂದಕ್ಕ ತಗಿಯೋ ಹೊತ್ತಿಗೆ ಗಪ್ಪಂತ ಮಡಚಿಕೊಂತೈತಿ. ಓಡೋ ಹೊತ್ತಿಗೂ ನೆಟ್ಟಗ ಬರಂಗಿಲ್ಲ" ಎಂದಳು. ಜೀಪಿನ ಕೊಂಡಿಗೂ ಮೂಕಿಗೂ ಎತ್ತರ ಸರಿಹೊಂದಿ ಟ್ರೇಲರ್ ಸಮತಟ್ಟಾಗಿ ನಿಲ್ಲುವ ಹಾಗೆ ಅಳತೆ ಕೊಟ್ಟಳು. ಕೊಂಡಿ ಬಿಟ್ಟುಹೋದರೂ ಟ್ರೇಲರ್ ಬೀದಿ ಪಾಲಾಗದಂತೆ ಎರಡು ಸರಪಳಿ, ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವ ಹಾಗೆ. ಹಿಂದೆ ಕೆಂಪು ದೀಪ, ತಿರುವು ತೋರಿಸುವ ದೀಪ, ಹೊಳೆಯುವ ಪಟ್ಟಿ.

"ಇಷ್ಟೆಲ್ಲ ಒಂದು ಸಣ್ಣ ಡಬ್ಬಿಗೆ!" ಎಂದು ತೋಟಪ್ಪ ನಕ್ಕರು.

ಟ್ರೇಲರ್ ತಯಾರಾಯಿತು. ಖಾಲಿ ತೂಕ ಇನ್ನೂರ ಮೂವತ್ತು ಕಿಲೋ. ಹಂಪೇಶ್ ರಜೆ ಹಾಕಿ ಆರ್‌ಟಿಓ ಕಚೇರಿಗೆ ಅಲೆದು ಅದರ ನೋಂದಣಿ, ವಿಮೆ ಮಾಡಿಸಿದ. ದುರುಗವ್ವ ಮೂರು ಸಂಜೆ ಬಂದು, ಗದ್ದೆ ಪಕ್ಕದ ಖಾಲಿ ಜಾಗದಲ್ಲಿ ಮಾಲಿಲ್ಲದ ಬರೀ ಟ್ರೇಲರ್ ಕಟ್ಟಿಸಿ ಗಂಗಾಂಬಿಕಾಳಿಗೆ ತಿರುಗಿಸುವುದು, ಹಿಂದಕ್ಕೆ ತೆಗೆಯುವುದು ಕಲಿಸಿದಳು. ಮೊದಲ ಸಂಜೆ ಟ್ರೇಲರ್ ಬೇಲಿಗೆ ನುಗ್ಗಿತು. ಮೂರನೆಯ ಸಂಜೆ ಎರಡು ತೆಂಗಿನ ಮರಗಳ ನಡುವೆ ಹಿಮ್ಮುಖವಾಗಿ ಹೋಗಿ ನಿಂತಿತು. ನಾನು ಚಪ್ಪಾಳೆ ತಟ್ಟಿದೆ.

"ಒಂದು ಮಾತು ನೆನಪಿಟ್ಕೋ," ಎಂದಳು ದುರುಗವ್ವ. "ಓಡೋ ಹೊತ್ತಿಗೆ ಟ್ರೇಲರು ಬಾಲ ಅಲ್ಲಾಡಿಸಿದ್ರ ಬ್ರೇಕ್ ತುಳೀಬ್ಯಾಡ. ಸ್ಟೇರಿಂಗ್ ಅತ್ತಿತ್ತ ತಿರುವಬ್ಯಾಡ. ಎಕ್ಸಲೇಟರ್ ಮ್ಯಾಲಿನ ಕಾಲು ತಗಿ, ಸ್ಟೇರಿಂಗ್ ನೆಟ್ಟಗ ಹಿಡಿ. ತಾನೇ ಸುಮ್ಮನಾಗತೈತಿ. ಆಮ್ಯಾಲ ನಿಲ್ಲಿಸು. ಇನ್ನ ಮಾಲು ಹೇರೋದು ಐತಿ. ಅದಕ್ಕ ಭಾನುವಾರ ಬರ್ತೀನಿ, ನಾ ಬರೋತನಕ ಹೇರಬ್ಯಾಡ್ರಿ."

ಭಾನುವಾರದ ತನಕ ಕಾಯಲು ಬಾಳೆಗೆ ಪುರುಸೊತ್ತಿರಲಿಲ್ಲ, ತೋಟಪ್ಪನವರಿಗೂ ಇರಲಿಲ್ಲ. ಶುಕ್ರವಾರ ನಸುಕಿನಲ್ಲೇ ಇಪ್ಪತ್ತೈದು ಗೊನೆ ಕಡಿಸಿದರು.

"ಹೇರೋದು ನನಗ ಕಲಸಾಕ ಬರ್ತಾಳಂತ! ಆಕಿ ಹುಟ್ಟೋಕಿಂತ ಮೊದಲ ಹೇರೀನಿ ನಾನು."

ಹೇರಿದ ಚಂದವನ್ನು ಅಲ್ಲಗಳೆಯಲಾರೆ. ತಳಕ್ಕೆ ಬಾಳೆ ಎಲೆ, ಗೊನೆಯ ನಡುವೆ ರವದಿ ಎನ್ನುವ ಒಣ ಕಬ್ಬಿನ ಗರಿ, ಒಂದು ಕಾಯಿಗೂ ತರಚು ಬೀಳದ ಹಾಗೆ. ಭಾರವನ್ನೆಲ್ಲ ಹಿಂದಕ್ಕೆ ಸರಿಸಿ ಸರಿಸಿ, ಕೊನೆಗೆ ಮೂಕಿಯನ್ನು ಒಂದು ಬೆರಳಲ್ಲಿ ಎತ್ತಿದರು. ಓಣಿಯವರೆಲ್ಲ ನೋಡಿದರು. "ಜೀಪಿಗೆ ಭಾರನೇ ಗೊತ್ತಾಗಂಗಿಲ್ಲ" ಎಂದರು ತೋಟಪ್ಪ. ನಾನೂ ತಲೆದೂಗಿದೆ. ನನ್ನ ಬುದ್ಧಿಗೆ ಏನನ್ನಬೇಕು!

ಮುಂದೆ ನಡೆದದ್ದನ್ನು ಗಂಗಾಂಬಿಕಾ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ.

ಹೊಸಪೇಟೆ ದಾಟುವ ತನಕ ಮಾವ, ಸೊಸೆ ನಿಧಾನವಾಗಿ ಹೋದರು. ಆಗಲೇ ಅವಳಿಗೆ ಜೀಪನ್ನು ಹಿಂದಿನಿಂದ ಯಾರೋ ಆಗಾಗ ಹಿಡಿದು ಅಲುಗಿಸಿದ ಹಾಗೆ ಅನಿಸಿತ್ತು. ಸಂಡೂರಿನ ಗುಡ್ಡದ ದಾರಿ ಹತ್ತಿ, ಇಳುಕಲು ಶುರುವಾಗುವ ಜಾಗಕ್ಕೆ ಬಂದಾಗ ಪಕ್ಕದಲ್ಲಿದ್ದ ತೋಟಪ್ಪ, "ಗಂಗಾ, ನಿಲ್ಲಸು" ಎಂದರು.

"ಯಾಕ್ರೀ ಮಾವಾ?"

"ಇಳುಕಲು ಬಂತು. ನಾ ಹಿಂದ ಹೋಗಿ ಕುಂದರ್ತೀನಿ. ಇಳುಕಲಿನಾಗ ಹಿಂದ ಭಾರ ಹಾಕದಿದ್ರ ಬಂಡಿ ಎತ್ತಿನ ಮ್ಯಾಲ ಬೀಳತೈತಿ."

ಬಂಡಿ ಹೊಡೆದವರಿಗೆಲ್ಲ ಈ ರೂಢಿ ಗೊತ್ತು. ಇಳಿಜಾರು ಬಂದರೆ ಬಂಡಿಯವನು ಹಿಂದಕ್ಕೆ ಸರಿದು, ಎತ್ತಿನ ಹೆಗಲ ಭಾರ ಇಳಿಸುತ್ತಾನೆ. ಎತ್ತಿನ ಮೇಲೆ ಪ್ರೀತಿ ಇದ್ದವನು ಮಾಡುವ ಕೆಲಸ ಅದು.

"ಬ್ಯಾಡ್ರಿ ಮಾವಾ. ಟ್ರೇಲರಿನಾಗ ಯಾರೂ ಕುಂದ್ರಬಾರದಂತ ದುರುಗವ್ವಕ್ಕ ಹೇಳ್ಯಾಳ್ರಿ."

"ದುರುಗವ್ವಗ ಬಂಡಿ ಏನು ಗೊತ್ತು? ನೀ ಸುಮ್ನ ಹೊಡಿ."

ಅವರು ಇಳಿದು ಹೋಗಿ ಟ್ರೇಲರಿನ ತುದಿಯಲ್ಲಿ, ಗೊನೆಗಳ ಹಿಂದೆ, ಹಗ್ಗ ಹಿಡಿದು ಕೂತೇಬಿಟ್ಟರು. ಸೊಸೆ ಎರಡನೆಯ ಸಲ ಬೇಡ ಎನ್ನಲಿಲ್ಲ. "ಕೀಲಿ ತಗದು ಕೈಯಾಗ ಹಿಡಕೊಂಡು, ನೀವು ಇಳಿಯೋತನಕ ಹೋಗಂಗಿಲ್ಲ ಅನ್ನಬೇಕಿತ್ತು ಅಕ್ಕಾ. ಮಾವಗ ಎದುರಾಡಬಾರದಂತ ಸುಮ್ನಾದೆ. ಅದು ನನ್ನ ತಪ್ಪು" ಎಂದು ಅವಳು ಈಗಲೂ ಹೇಳುತ್ತಾಳೆ.

ಇಳುಕಲಿನಲ್ಲಿ ಜೀಪು ವೇಗ ಹಿಡಿಯಿತು. ಎದುರಿನಿಂದ ಅದಿರಿನ ಟಿಪ್ಪರೊಂದು ರಭಸದಿಂದ ಹಾದುಹೋಯಿತು. ಅದರ ಗಾಳಿಗೆ ಟ್ರೇಲರಿನ ಬಾಲ ಒಂದು ಸಲ ಎಡಕ್ಕೆ ಹೋಯಿತು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ, ಮೊದಲಿಗಿಂತ ಜೋರಾಗಿ. ಜೀಪಿನ ಹಿಂಭಾಗವೂ ಅದರ ಜೊತೆ ಕುಣಿಯತೊಡಗಿತು. ಕನ್ನಡಿಯಲ್ಲಿ ಒಮ್ಮೆ ಮಾವ ಕಾಣುತ್ತಾರೆ, ಒಮ್ಮೆ ಕಾಣುವುದಿಲ್ಲ. ಎದುರಿಗೆ ಇನ್ನೊಂದು ಟಿಪ್ಪರ್ ಬರುತ್ತಿದೆ.

ಅವಳ ಕಾಲು ಬ್ರೇಕಿನ ಕಡೆ ಹೋಯಿತು. ಹೋದ ಕಾಲನ್ನು ಅವಳು ಹಿಂದಕ್ಕೆ ತೆಗೆದಳು. ಎರಡೂ ಕೈಯಿಂದ ಸ್ಟೇರಿಂಗನ್ನು ನೆಟ್ಟಗೆ ಒತ್ತಿ ಹಿಡಿದಳು. ಎರಡು ಸಲ ಓಲಾಡಿತು, ಮೂರು ಸಲ ಓಲಾಡಿತು, ಟಿಪ್ಪರ್ ಪಕ್ಕದಲ್ಲೇ ಹಾದುಹೋಯಿತು. ಇಳಿಜಾರು ಮುಗಿಯುವ ಹೊತ್ತಿಗೆ ಓಲಾಟ ಸಣ್ಣದಾಯಿತು. ರಸ್ತೆ ಬದಿಗೆ ನಿಲ್ಲಿಸಿ ಹಿಂದಕ್ಕೆ ಓಡಿದಳು. ನಾಲ್ಕು ಗೊನೆ ರಸ್ತೆಯಲ್ಲಿ ಬಿದ್ದು ಒಡೆದಿದ್ದವು. ತೋಟಪ್ಪ ಹಗ್ಗಕ್ಕೆ ಜೋತುಬಿದ್ದಿದ್ದರು. ಅಂಗೈ ಸುಲಿದಿತ್ತು. ಜೀವ ಇತ್ತು.

ಇಷ್ಟಾದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ನಿನಗ ಗಾಡಿ ಹಿಡಿಯಾಕ ಬರಂಗಿಲ್ಲ."

ಅದು ಅಲ್ಲಿಗೇ ನಿಂತಿದ್ದರೆ ಹೆದರಿಕೆಯಲ್ಲಿ ಅಂದರು ಎನ್ನಬಹುದಿತ್ತು. ಸಂಡೂರಿನಲ್ಲಿ ವಿರುಪಾಕ್ಷಪ್ಪನವರ ಅಂಗಡಿ ಮುಂದೆ, ಹಮಾಲರು, ಗಿರಾಕಿಗಳು ಎಲ್ಲರೂ ಕೇಳುವ ಹಾಗೆ ಹೇಳಿದರು: "ಹೆಣ್ಣಿನ ಕೈಯಾಗ ಸ್ಟೇರಿಂಗ್ ಕೊಟ್ಟು ನನ್ನ ಜೀವ ಹೋಗೋದಿತ್ರಿ. ಇನ್ನ ಈಕಿ ಗಾಡಿ ಮುಟ್ಟಂಗಿಲ್ಲ. ಒಬ್ಬ ಬಾಡಿಗಿ ಡ್ರೈವರ್‌ನ ನೋಡಿ ಹೇಳ್ರಿ." ಯಾರೋ ಹಿಂದೆ ನಿಂತು ಕಿಸಕ್ಕನೆ ನಕ್ಕರಂತೆ. ಗಂಗಾಂಬಿಕಾ ತಲೆ ತಗ್ಗಿಸಿ ಗೊನೆ ಇಳಿಸಿದಳು. ಮನೆಗೆ ಬಂದ ಮೇಲೆ ತೋಟಪ್ಪ ಜೀಪಿನ ಕೀಲಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. ಎರಡು ವರ್ಷ ಕಲಿತದ್ದು ಒಂದು ಇಳುಕಲಿನಲ್ಲಿ ಹೋಯಿತು. ಅದಕ್ಕಿಂತ ಹೆಚ್ಚಾಗಿ ಅವಳಿಗೇ ಅವಳ ಮೇಲೆ ಅನುಮಾನ ಹುಟ್ಟಿತ್ತು. "ನನ್ನ ಕೈನೇ ಸರಿ ಇಲ್ಲೇನೋ ಅಕ್ಕಾ" ಎಂದಳು. ಆ ಮಾತು ಕೇಳಲಾಗದೆ ನಾನು ದುರುಗವ್ವನಿಗೆ ಫೋನ್ ಮಾಡಿದೆ.

ಭಾನುವಾರ ದುರುಗವ್ವ ಬಂದಳು. ಬಂದವಳು ಯಾರನ್ನೂ ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು, ಗಂಗಾಂಬಿಕಾಳ ಅತ್ತೆ ಜಂಬಮ್ಮ ಕೊಟ್ಟ ಚಹಾ ಕುಡಿದು, ಗಂಗಾಂಬಿಕಾಳನ್ನು ಕೇಳಿದಳು: "ಓಲಾಡೋ ಹೊತ್ತಿಗೆ ಏನು ಮಾಡಿದಿ?"

"ಕಾಲು ತಗದೆ. ಬ್ರೇಕ್ ಮುಟ್ಟಲಿಲ್ಲ. ಸ್ಟೇರಿಂಗ್ ನೆಟ್ಟಗ ಹಿಡಿದೆ."

"ಅಷ್ಟೂ ಮಾಡಿದಿ?" ದುರುಗವ್ವ ಲೋಟ ಕೆಳಗಿಟ್ಟಳು. "ನಮ್ಮ ಗಣಿಯಾಗ ಹತ್ತು ವರ್ಷ ಓಡಿಸಿದವರೂ ಆ ಟೈಮಿಗೆ ಬ್ರೇಕ್ ತುಳೀತಾರವ್ವ. ನೀನೂ ತುಳದಿದ್ರ ಇವತ್ತು ನಾವು ಇಲ್ಲಿ ಚಹಾ ಕುಡೀತಿರಲಿಲ್ಲ."

ತೋಟಪ್ಪ ಕಂಬಕ್ಕೆ ಒರಗಿ ನಿಂತಿದ್ದರು. "ಹಂಗಾದ್ರ ತಪ್ಪು ಯಾರದು? ನಾ ಹೇರಿದ್ದಂತೂ ಅಲ್ಲ."

"ಅಜ್ಜಾರ, ನೀವು ಶುಕ್ರವಾರ ಹೆಂಗ ಹೇರಿದ್ರೋ ಹಂಗ ಇನ್ನೊಮ್ಮೆ ಹೇರಿ ತೋರಿಸ್ರಿ. ನನಗೂ ಕಲಿಯಾಕ ಆಗತೈತಿ."

ಹೇರಿ ತೋರಿಸಿ ಎಂದರೆ ತೋಟಪ್ಪ ಒಲ್ಲೆ ಎನ್ನುವವರಲ್ಲ. ಜೀಪಿನ ಗಾಲಿಗೂ ಟ್ರೇಲರಿನ ಗಾಲಿಗೂ ಕಲ್ಲು ಕೊಟ್ಟು, ಕೊಂಡಿ ಹಾಕಿ, ಮನೆಯಲ್ಲಿದ್ದ ಗೊನೆಗಳ ಜೊತೆ ಭತ್ತದ ಚೀಲ ಸೇರಿಸಿ ಅಂದಿನಷ್ಟೇ ಭಾರ, ಅಂದಿನ ಹಾಗೆಯೇ ಹೇರಿದರು. ದುರುಗವ್ವ ಒಂದು ಕಡ್ಡಿ ತೆಗೆದುಕೊಂಡು ಜೀಪಿನ ಹಿಂದಿನ ಬಂಪರ್ ನೆಲದಿಂದ ಎಷ್ಟು ಎತ್ತರವಿದೆ ಎಂದು ಗುರುತು ಮಾಡಿದಳು. ಆಮೇಲೆ ಒಂದು ಗೊಬ್ಬರದ ಚೀಲ ತರಿಸಿದಳು.

"ಈ ಚೀಲ ನೀವು ಅಂತ ತಿಳಕೊಳ್ರಿ. ಎಲ್ಲಿ ಕುಂತಿದ್ರಿ, ಅಲ್ಲಿ ಇಡ್ರಿ."

ಜಂಬಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ಚೀಲ ಆದ್ರ ಹೇಳಿದ ಮಾತು ಕೇಳತೈತಿ ಬಿಡವ್ವ."

ಚೀಲವನ್ನು ಟ್ರೇಲರಿನ ತುದಿಗೆ ಇಟ್ಟ ಕೂಡಲೇ ಜೀಪಿನ ಹಿಂಭಾಗ ಮೇಲಕ್ಕೆ ಎದ್ದಿತು. ಹೆಚ್ಚಲ್ಲ, ಕಡ್ಡಿಯ ಗುರುತಿಗಿಂತ ಅರ್ಧ ಬೆರಳು. ತೋಟಪ್ಪನವರೇ ಬಗ್ಗಿದರು. ಕಡ್ಡಿಯನ್ನು ತಾವೇ ಹಿಡಿದು ಇನ್ನೊಮ್ಮೆ ಅಳೆದರು. ಜೀಪಿನ ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಚೀಲ ತೆಗೆಸಿ ನೋಡಿದರು, ಮತ್ತೆ ಇಡಿಸಿ ನೋಡಿದರು.

"ಹಿಂಗಾಲು ನೆಲಕ್ಕ ಊರವಲ್ವು," ಎಂದರು ಕೊನೆಗೆ. ಯಾರಿಗೂ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು.

"ಹೌದ್ರಿ ಅಜ್ಜಾರ. ಎತ್ತಿಗೆ ನೀವು ಮಾಡಿದ್ದು ಸರಿನೇ ಐತಿ. ಎತ್ತು ಹೆಗಲಿಂದ ಎಳಿತೈತಿ, ಹೆಗಲ ಮ್ಯಾಲ ಭಾರ ಬೀಳಬಾರದು. ಜೀಪು ನೆಲ ಹಿಡದು ಎಳೀಬೇಕು. ಅದರ ಹಿಂದಿನ ಗಾಲಿ ನೆಲ ಹಿಡೀಬೇಕಂದ್ರ ಮೂಕಿ ಕೆಳಗ ಒತ್ತಬೇಕು. ಮೂಕಿ ಹಗುರ ಆದ್ರ ಟ್ರೇಲರಿನ ಬಾಲ ಭಾರ ಆಗತೈತಿ, ಬಾಲ ಭಾರ ಆದ್ರ ಒಮ್ಮೆ ಓಲಾಡಾಕ ಹತ್ತಿದ್ದು ನಿಲ್ಲಂಗಿಲ್ಲ. ಅದರಾಗೂ ಗಿಡ್ಡ ಗಾಡಿಗೆ ತಡಕೊಳ್ಳೋ ಶಕ್ತಿ ಕಡಿಮಿ."

"ಎಷ್ಟು ಒತ್ತಬೇಕು?"

"ಟ್ರೇಲರು, ಮಾಲು ಎರಡರ ತೂಕ ಎಷ್ಟೋ, ಅದರಾಗ ಹತ್ತರಾಗ ಒಂದು ಪಾಲು. ನಿಮ್ಮದು ಐನೂರ ಎಂಬತ್ತು ಕಿಲೋ. ಅರವತ್ತರ ಹತ್ರ ಇರಲಿ. ಭಾಳ ಜಾಸ್ತಿನೂ ಬ್ಯಾಡ, ಆಗ ಜೀಪಿನ ಮಾರಿ ಮ್ಯಾಲೇಳತೈತಿ, ಸ್ಟೇರಿಂಗ್ ಕೇಳಂಗಿಲ್ಲ."

ತೋಟಪ್ಪ ಅಂಗಿಯ ತೋಳು ಮೇಲಕ್ಕೇರಿಸಿದರು. ಭಾರದ ಗೊನೆಗಳನ್ನು ಅಚ್ಚಿನ ಮೇಲೆ ಮತ್ತು ಅದಕ್ಕಿಂತ ಸ್ವಲ್ಪ ಮುಂದೆ, ತಳದ ಹಲಗೆಗೆ ಅಂಟಿಕೊಂಡ ಹಾಗೆ ಇಟ್ಟರು. ಹಗುರದವು ಹಿಂದಕ್ಕೆ. ಎರಡು ಬದಿಗೂ ಸಮ. ಹಗ್ಗ ಅಡ್ಡಡ್ಡ ಬಿಗಿದರು. ಕೊಂಡಿ ಬಿಚ್ಚಿಸಿ, ಎರಡೂ ಕೈಯಿಂದ ಮೂಕಿಯನ್ನು ಮೆಲ್ಲಗೆ ಎತ್ತಿದರು. ಇಳಿಸಿದರು. ಒಂದು ಗೊನೆಯನ್ನು ಗೇಣು ಮುಂದಕ್ಕೆ ಸರಿಸಿ ಮತ್ತೆ ಎತ್ತಿದರು.

"ಅರವತ್ತು," ಎಂದರು.

ನಾವು ಗೊನೆ ತೂಗುವ ಕಾಟಾ ತಂದು, ಅದರ ಮೇಲೆ ಕಟ್ಟಿಗೆಯ ದಿಮ್ಮಿ ಇಟ್ಟು, ಮೂಕಿ ಕೊಂಡಿಯ ಎತ್ತರಕ್ಕೇ ಬರುವ ಹಾಗೆ ಕೂರಿಸಿದೆವು. ದಿಮ್ಮಿಯ ತೂಕ ಕಳೆದು ನೋಡಿದರೆ ಅರವತ್ತೊಂದು!

"ಇನ್ನೊಮ್ಮೆ!" ಎಂದೆ ನಾನು. ಎರಡು ಗೊನೆ ಜಾಗ ಬದಲಿಸಿದೆವು. ಮುದುಕ ಮತ್ತೆ ಎತ್ತಿದರು. "ಐವತ್ತರ ಕೆಳಗ ಬಂತು. ನಲವತ್ತೆಂಟು." ಕಾಟಾ ನಲವತ್ತೇಳು ತೋರಿಸಿತು. ದುರುಗವ್ವ ಎರಡೂ ಕೈ ಮುಗಿದುಬಿಟ್ಟಳು. "ಅಜ್ಜಾರ, ನಮಗ ಕಾಟಾ ಬೇಕು. ನಿಮ್ಮ ಕೈಯಾಗ ಕಾಟಾನೇ ಐತಿ." ನಲವತ್ತು ವರ್ಷದ ಕೈ ಅದು. ಹೊಸ ಲೆಕ್ಕ ಒಂದು ಗಂಟೆಯಲ್ಲಿ ಕಲಿಯಿತು. ನನಗೆ ಆಗ ಆದ ಹೆಮ್ಮೆಗೆ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ತೋಟಪ್ಪ ಜೇಬಿನಿಂದ ಕೀಲಿ ತೆಗೆದು ಸೊಸೆಯ ಮುಂದೆ ಹಿಡಿದರು. "ತಗೋ."

ಆದರೆ ಜಂಬಮ್ಮ ಬಿಡಬೇಕಲ್ಲ. "ಕೀಲಿ ಕೊಟ್ರ ಆತೇನ್ರಿ? ಮಾತು ಸಂಡೂರಾಗ ಬಿಟ್ಟು ಬಂದೀರಿ."

ತೋಟಪ್ಪ ಒಳಗೆ ಹೋಗಿ ಮುಖ ತೊಳೆದುಕೊಂಡರು.

ಮಂಗಳವಾರ ನಾನೂ ಜೀಪು ಹತ್ತಿದೆ. ಸಂಡೂರಿನಲ್ಲಿ ಕೆಲಸವಿದೆ ಎಂದು ಹೇಳಿದ್ದೆ. ನಿಜ ಹೇಳಬೇಕೆಂದರೆ ನೋಡಲಿಕ್ಕೇ ಹೋದದ್ದು. ಹೊರಡುವ ಮೊದಲು ಗಂಗಾಂಬಿಕಾ ಒಂದು ಸುತ್ತು ಹಾಕಿ ಕೊಂಡಿ ಕೂತಿದೆಯೇ, ಸರಪಳಿ, ದೀಪ, ಟೈರಿನ ಗಾಳಿ, ಹಗ್ಗ ಎಲ್ಲ ಮುಟ್ಟಿ ನೋಡಿದಳು. ಮುಂದಿನ ಸೀಟಿನಲ್ಲಿ ಕೂತ ತೋಟಪ್ಪ ತಾವಾಗಿಯೇ ಬೆಲ್ಟ್ ಹಾಕಿಕೊಂಡರು. ಇಳುಕಲು ಶುರುವಾಗುವ ಮೊದಲೇ ಅವಳು ಕೆಳಗಿನ ಗೇರಿಗೆ ಇಳಿಸಿ, ಮೂವತ್ತರ ವೇಗ ದಾಟಲು ಬಿಡಲಿಲ್ಲ. ಮುಂದಿನ ಟಿಪ್ಪರಿಗೂ ನಮಗೂ ಬರೀ ಜೀಪಿಗೆ ಬಿಡುವುದರ ಎರಡರಷ್ಟು ಅಂತರ. ಟಿಪ್ಪರುಗಳು ಹಾದುಹೋದವು. ಟ್ರೇಲರ್ ನಮ್ಮ ಹಿಂದೆ ತನ್ನ ಪಾಡಿಗೆ ತಾನು ಬಂತು. ನಾನು ಹಿಂದಿನಿಂದ ಅವಳ ಭುಜ ನೋಡುತ್ತಿದ್ದೆ. ಮೊದಲು ಬಿಗಿಯಾಗಿದ್ದದ್ದು ಅರ್ಧ ಇಳುಕಲಿನಲ್ಲಿ ಸಡಿಲಾಯಿತು.

ಎಂಟೂ ಮುಕ್ಕಾಲಿಗೆ ವಿರುಪಾಕ್ಷಪ್ಪನವರ ಅಂಗಡಿ ಮುಂದೆ ನಿಂತೆವು. ಹಮಾಲರು ಅವರೇ, ನಿಂತ ಜನ ಹೆಚ್ಚುಕಡಿಮೆ ಅವರೇ. ವಿರುಪಾಕ್ಷಪ್ಪ ಹೊರಗೆ ಬಂದು ಸ್ಟೇರಿಂಗ್ ಹಿಂದೆ ಗಂಗಾಂಬಿಕಾಳನ್ನು ಕಂಡು ಹುಬ್ಬೇರಿಸಿದರು.

"ಮತ್ತ ಈಕೀನ ಕರಕೊಂಡು ಬಂದೀರಲ್ಲ ತೋಟಪ್ಪಾ! ನಿಮಗಂತ ಒಬ್ಬ ಡ್ರೈವರ್‌ನ ಗೊತ್ತು ಮಾಡೀನಿ ನಾನು."

"ಬ್ಯಾಡ್ರಿ," ಎಂದರು ತೋಟಪ್ಪ.

ಅವರು ಜೀಪಿನಿಂದ ಇಳಿದು ಎಲ್ಲರಿಗೂ ಕಾಣುವ ಹಾಗೆ ನಿಂತರು. ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

"ಶುಕ್ರವಾರ ಇಲ್ಲಿ ನಿಂತು ಒಂದು ಮಾತು ಅಂದಿದ್ದೆ. ಎಲ್ಲಾರೂ ಕೇಳೀರಿ. ಈಗ ಇದನ್ನೂ ಕೇಳ್ರಿ. ಅವತ್ತು ಭಾರ ತಪ್ಪು ಹೇರಿದವ ನಾನು. ಬ್ಯಾಡ ಅಂದ್ರೂ ಹಿಂದ ಹೋಗಿ ಕುಂತವನೂ ನಾನು. ಗಾಡಿ ಓಲಾಡಿದ್ದು ನನ್ನಿಂದ. ನಿಂತಿದ್ದು ಈಕಿಯಿಂದ. ಇವತ್ತು ನಿಮ್ಮ ಮುಂದ ಜೀವಂತ ನಿಂತೀನಂದ್ರ ಅದು ನನ್ನ ಸೊಸಿ ಕೈ. ನಮ್ಮ ಗಾಡಿಗೆ ಡ್ರೈವರ್ ಈಕೀನೇ."

ಅಂಗಡಿ ಮುಂದೆ ಯಾರೂ ನಗಲಿಲ್ಲ. ಗಂಗಾಂಬಿಕಾ ಅತ್ತ ಮುಖ ಮಾಡಿ ಹಗ್ಗದ ಗಂಟು ಬಿಚ್ಚುತ್ತಿದ್ದಳು. ಆ ಗಂಟು ಬಿಚ್ಚಲು ಅಷ್ಟು ಹೊತ್ತು ಬೇಕಿರಲಿಲ್ಲ. ನನ್ನ ಕಣ್ಣೂ ತುಂಬಿತ್ತು, ಮುಚ್ಚಿಡುವುದೇನಿದೆ. ಇಪ್ಪತ್ತೈದು ಗೊನೆ ಇಳಿದವು, ಒಂದೂ ತರಚಿರಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇದನ್ನು ಓದಿದ ನಿಮ್ಮ ಮನೆಯಲ್ಲೂ ಒಂದು ಗಿಡ್ಡ ಗಾಡಿ ಇರಬಹುದು, ಅದಕ್ಕೊಂದು ಟ್ರೇಲರ್ ಕಟ್ಟುವ ಆಸೆಯೂ ಇರಬಹುದು. ಕಟ್ಟಿ, ಖಂಡಿತ ಕಟ್ಟಿ. ಆದರೆ ಮೊದಲು ನಿಮ್ಮ ಗಾಡಿಯ ಪುಸ್ತಕ ತೆಗೆದು ಅದು ಎಷ್ಟು ಎಳೆಯಬಲ್ಲದು ನೋಡಿ, ಅದಕ್ಕೆ ತಕ್ಕ ಸಣ್ಣ ಟ್ರೇಲರ್ ಮಾಡಿಸಿ, ನೋಂದಣಿ, ವಿಮೆ ಮಾಡಿಸಿ. ಹೇರಿದ ಮೇಲೆ ಮೂಕಿಯನ್ನು ಕಾಟಾದ ಮೇಲಿಟ್ಟು ತೂಗಿ, ಹತ್ತರಲ್ಲೊಂದು ಪಾಲು ಅಲ್ಲಿ ಬರಲಿ. ಟ್ರೇಲರಿನಲ್ಲಿ ಯಾರನ್ನೂ ಕೂರಿಸಬೇಡಿ, ಹಿರಿಯರು ಹಟ ಹಿಡಿದರೂ ಸರಿ, ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಇಳಿಜಾರಿನಲ್ಲಿ ನಿಧಾನ ಹೋಗಿ.

ಒಂದು ದಿನ ಗಾಡಿ ಓಲಾಡಿದರೆ, ಓಡಿಸಿದವರನ್ನು ಬೈಯುವ ಮೊದಲು ಹೇರಿದ್ದನ್ನು ಇಳಿಸಿ ನೋಡಿ. ಹೇರಿದವರು ನೀವೇ ಆಗಿದ್ದರೆ, ನಾಲ್ಕು ಜನರ ಮುಂದೆ ನಿಂತು ಹಾಗೆಂದು ಹೇಳಿ. ನಮ್ಮ ತೋಟಪ್ಪನವರು ಹೇಳಿದ್ದಾರೆ.